ಲೆಕ್ಕಕ್ಕೆ ಸಿಗದ ಹಾಡುಗಳು

1987ರಲ್ಲಿ ಅರಸೀಕೆರೆಯ ನಂಬರ್ ಒನ್ ಹಾಡು ಯಾವುದು? ಆ ವರ್ಷ ‘ಪ್ರೇಮಲೋಕ’ ಚಿತ್ರ ಬಂದಿತ್ತು. ರೈಲ್ವೆ ಜಂಕ್ಷನ್ನಿನ ಆಸುಪಾಸಿನ ಹೋಟೆಲುಗಳಿಂದ ಹಿಡಿದು ಜಾವಗಲ್, ಹಳೇಬೀಡು ಹಾದು ಬೇಲೂರಿನವರೆಗೆ ಅದಕ್ಕೆ ಹಂಸಲೇಖ ಮಾಡಿದ ಹಾಡುಗಳೇ ಕೇಳುತ್ತಿದ್ದವು ಎಂದು ಆ ಕಾಲ ಕಂಡವರು ಯಾರು ಬೇಕಾದರೂ ಹೇಳುತ್ತಾರೆ. ಆದರೆ ಅದರಲ್ಲಿ ಯಾವ ಹಾಡು, ಎಷ್ಟು ವಾರ, ಎಷ್ಟು ಕ್ಯಾಸೆಟ್ಟು ಎಂದು ಕೇಳಿದರೆ ಉತ್ತರವಿಲ್ಲ. ಯಾರೂ ಬರೆದಿಡಲಿಲ್ಲ.

ಅಮೆರಿಕದ ಹಳ್ಳಿಗಾಡಿನ ಹಾಡಿಗೆ ಈ ಕಷ್ಟವಿಲ್ಲ. ಅಲ್ಲಿ ‘ಕಂಟ್ರಿ’ ಎಂದು ಕರೆಸಿಕೊಳ್ಳುವ, ಗಿಟಾರು, ಪಿಟೀಲು, ಹೊಲ, ಹೆದ್ದಾರಿ, ಮುರಿದ ಪ್ರೀತಿಗಳ ಆ ಸಂಗೀತಕ್ಕೆ ‘ಬಿಲ್‌ಬೋರ್ಡ್’ ಪತ್ರಿಕೆ 1944ರ ಜನವರಿಯಲ್ಲೇ ಒಂದು ಪಟ್ಟಿ ತೆರೆಯಿತು. ಆಗ ಅದರ ಹೆಸರಿನಲ್ಲಿ ‘ಕಂಟ್ರಿ’ ಎಂಬ ಪದವಿರಲಿಲ್ಲ. ಜೂಕ್‌ಬಾಕ್ಸ್‌ಗಳಲ್ಲಿ ಅತಿ ಹೆಚ್ಚು ಬಾರಿ ಹಾಕಿಸಿದ ಜಾನಪದ ರೆಕಾರ್ಡುಗಳು ಎಂದೇ ಕರೆದಿದ್ದರು. ಹೋಟೆಲಿನ ಮೂಲೆಯ ಯಂತ್ರಕ್ಕೆ ಗಿರಾಕಿ ಹಾಕಿದ ನಾಣ್ಯವೇ ಅಲ್ಲಿ ಮತ. ಆಮೇಲೆ ಅಂಗಡಿಯ ಮಾರಾಟ, ರೇಡಿಯೊ ಪ್ರಸಾರ, ಕೊನೆಗೆ ಇಂಟರ್‌ನೆಟ್ಟಿನಲ್ಲಿ ಕೊಂಡ ಹಾಡು, ಹೀಗೆ ಮತ ಎಣಿಸುವ ಜಾಗ ಬದಲಾಗುತ್ತಲೇ ಬಂತು. ಜಾಗ ಬದಲಾದಾಗಲೆಲ್ಲ ಪಟ್ಟಿಯ ತುದಿಯಲ್ಲಿರುವ ಹೆಸರೂ ಬದಲಾಯಿತು. ನಮ್ಮ ಜಾನಪದ ಹಾಡುಗಳ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ, ಕನ್ನಡ ನಾಡಿನಲ್ಲಿ ಮತ ಬಿದ್ದ ಜಾಗಕ್ಕೆ ಎಣಿಸುವವರು ಹೋಗಲೇ ಇಲ್ಲ ಎಂಬುದು ತಿಳಿಯುತ್ತದೆ.

ಭಾರತದಲ್ಲಿ ಪಟ್ಟಿ ಎಂದರೆ ಬಹುಕಾಲ ‘ಬಿನಾಕಾ ಗೀತ್‌ಮಾಲಾ’ ಒಂದೇ. 1952ರ ಡಿಸೆಂಬರಿನಲ್ಲಿ ರೇಡಿಯೊ ಸಿಲೋನ್‌ನಿಂದ ಶುರುವಾದ ಈ ಕಾರ್ಯಕ್ರಮವನ್ನು ಅಮೀನ್ ಸಯಾನಿ ನಡೆಸುತ್ತಿದ್ದರು. ದೇಶದ ರೆಕಾರ್ಡ್ ಅಂಗಡಿಗಳ ಮಾರಾಟ ಮತ್ತು ಶ್ರೋತೃ ಸಂಘಗಳ ಅಭಿಪ್ರಾಯ, ಇವೆರಡರ ಮೇಲೆ ಹಾಡುಗಳಿಗೆ ಸ್ಥಾನ ಸಿಗುತ್ತಿತ್ತು. ಆಕಾಶವಾಣಿ ಆಗ ಸಿನಿಮಾ ಹಾಡುಗಳನ್ನು ದೂರ ಇಟ್ಟಿದ್ದರಿಂದ ಬುಧವಾರ ರಾತ್ರಿ ಕನ್ನಡದ ಮನೆಗಳಲ್ಲೂ ರೇಡಿಯೊ ಮುಳ್ಳು ಸಿಲೋನಿಗೆ ತಿರುಗುತ್ತಿತ್ತು. ಹಿಂದಿ ಹಾಡಿನ ಏಳುಬೀಳು ನಮ್ಮವರಿಗೆ ಬಾಯಿಪಾಠ. ಕನ್ನಡದ ಹಾಡಿಗೆ ಅಂಥ ಮನೆಮಾತಾದ ಪಟ್ಟಿಯೊಂದು ಹುಟ್ಟಲಿಲ್ಲ.

ನಮಗೆ ಇದ್ದದ್ದು ಅಂಚೆ ಕಾರ್ಡು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಶುರುವಾದ ಮೇಲೆ ಅರಸೀಕೆರೆ, ಕಡೂರು, ಬೇಲೂರು ಕಡೆಯ ರೇಡಿಯೊಗಳಿಗೆ ಹತ್ತಿರದ ದನಿ ಸಿಕ್ಕಿತು. ಮೆಚ್ಚಿನ ಗೀತೆ ಕೋರುವವರು ಕಾರ್ಡಿನಲ್ಲಿ ಹಾಡಿನ ಹೆಸರು, ಚಿತ್ರದ ಹೆಸರು ಬರೆದು, ಕೆಳಗೆ ಮನೆಮಂದಿ, ಗೆಳೆಯರ ಹೆಸರನ್ನೆಲ್ಲ ಸಾಲಾಗಿ ತುಂಬುತ್ತಿದ್ದರು. ಎಂಬತ್ತರ ದಶಕದಲ್ಲಿ ಕಾರ್ಡಿಗೆ 15 ಪೈಸೆ. ಹಾಡು ಬರುವ ಮುಂಚೆ ಉದ್ಘೋಷಕಿ ಊರೂರಿನ ಹೆಸರು ಓದುವಾಗ ತಮ್ಮೂರು ಬಂತೇ ಎಂದು ಕಿವಿಗೊಟ್ಟು ಕೂರುತ್ತಿದ್ದವರಿಗೆ ಹಾಡಿನಷ್ಟೇ ಆ ಪಟ್ಟಿಯೂ ಮುಖ್ಯ. ಹಿಂದಿ ಹಾಡು ಕೋರಿ ಕೋರಿಯೇ ಝುಮ್ರಿ ತಲೈಯಾ ಎಂಬ ಊರು ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಸೀಮೆಯ ಕಾರ್ಡುಗಳಿಗೆ ಆ ಕೀರ್ತಿ ಬರಲಿಲ್ಲ. ಆದರೆ ಹಳ್ಳಿಯ ಮನಸ್ಸು ಯಾವ ಹಾಡಿನ ಕಡೆಗಿದೆ ಎಂಬುದಕ್ಕೆ ಅವು ಒಳ್ಳೆಯ ಸಾಕ್ಷ್ಯ ಎಂದು ನಾನು ನಂಬುತ್ತೇನೆ.

ಕಾರ್ಡಿಗಿಂತ ಬಲವಾದ ಇನ್ನೊಂದು ಮತಗಟ್ಟೆ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ನಾಮಕರಣ, ಊರಹಬ್ಬ, ಜಾತ್ರೆ, ಗಣಪತಿ, ರಾಜ್ಯೋತ್ಸವ, ಯಾವುದಕ್ಕಾದರೂ ಮೈಕ್‌ಸೆಟ್ಟು ಬರಬೇಕಿತ್ತು. ತೆಂಗಿನ ಮರಕ್ಕೆ ಕಹಳೆ ಸ್ಪೀಕರು ಕಟ್ಟಿ, ಅಹುಜಾ ಆಂಪ್ಲಿಫೈಯರಿನ ಪಕ್ಕದಲ್ಲಿ ರೆಕಾರ್ಡುಗಳ ಟ್ರಂಕು ತೆರೆದು ಕೂತ ಹುಡುಗ ಮೊದಲು ದೇವರ ಹಾಡು ಹಾಕುತ್ತಿದ್ದ. ಹೊತ್ತು ಏರಿದ ಹಾಗೆ ರಾಜಕುಮಾರ್, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಬರುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ‘ಆ ಹಾಡು ಹಾಕಪ್ಪ’ ಎಂದು ಒಬ್ಬೊಬ್ಬರೇ ಬಂದು ಹೇಳುತ್ತಿದ್ದರು. ಒಂದು ರೆಕಾರ್ಡು ಕೊಂಡವನು ಅವನೊಬ್ಬನೇ. ಕೇಳಿದ್ದು ಸುತ್ತಲಿನ ನಾಲ್ಕು ಊರು. ಕಂಪನಿಯ ಪುಸ್ತಕದಲ್ಲಿ ಆ ಇಡೀ ಸೀಮೆಯ ಹೆಸರಿನಲ್ಲಿ ನಮೂದಾಗಿದ್ದು ಒಂದೇ ಪ್ರತಿ.

ಈ ದಾರಿಯಲ್ಲೇ ಜಾನಪದವೂ ಹಳ್ಳಿಯಿಂದ ಹೋಗಿ ಹಳ್ಳಿಗೆ ಮರಳಿತು. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯವರ ಜೊತೆ ಹಾಡಿದ ಕುಣಿಗಲ್ ಕೆರೆಯ ಹಾಡನ್ನು ನೆನೆಸಿಕೊಳ್ಳಿ. ಕೆರೆ ಏರಿಯ ಮೇಲೆ ಎಷ್ಟು ಕಾಲದಿಂದಲೋ ಜನ ಹಾಡಿಕೊಂಡಿದ್ದದ್ದು ವೇದಿಕೆ, ರೇಡಿಯೊ, ರೆಕಾರ್ಡುಗಳ ಮೂಲಕ ನಾಡಿನ ಹಾಡಾಯಿತು. ಅದಕ್ಕೆ ಮುಂಚೆ ಅರಸೀಕೆರೆ, ಬೇಲೂರುಗಳಿರುವ ಇದೇ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡುಗಳನ್ನು ಕೂಡಿಸಿ ಪುಸ್ತಕ ಮಾಡಿದ್ದರು. ಬೇಲೂರಿನ ಪಕ್ಕದ ಸಕಲೇಶಪುರದ ಎಸ್.ಕೆ. ಕರೀಂಖಾನರು ಊರೂರು ಅಲೆದು ಹಾಡು ಸಂಗ್ರಹಿಸಿದರು. ಆದರೆ 78 ಸುತ್ತಿನ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಬೀಸುವ ಕಲ್ಲಿನ ಮುಂದೆ ರಾಗಿ ಮುಗಿಯುವ ತನಕ ಹಾಡುವ ಪದವನ್ನು ಅಷ್ಟಕ್ಕೇ ಕತ್ತರಿಸಬೇಕು. ಹಾಡು ಒಂಟಿಯಾಗಿ ಹೊರಬಂದು ಗೆಲ್ಲುವುದು, ಅದರ ಹಿಂದಿನ ಮುಂದಿನ ಪದಗಳು ಊರಲ್ಲೇ ಉಳಿಯುವುದು ಆಗಲೇ ಶುರುವಾಗಿತ್ತು.

1978ರಲ್ಲಿ ದಿಕ್ಕು ಬದಲಾಯಿತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಸಿನಿಮಾದ ಹಂಗಿಲ್ಲದೆ, ಒಬ್ಬ ಕವಿಯ ಪದ್ಯಗಳನ್ನು ಒಟ್ಟಿಗೆ ಕೇಳಿಸಿ, ಅದನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂಬುದು ಅಲ್ಲಿ ಸಾಬೀತಾಯಿತು. ಶೀರ್ಷಿಕೆ ಗೀತೆಗಾಗಿ ಕೊಂಡವರ ಮನೆಯಲ್ಲಿ ಉಳಿದ ಹಾಡುಗಳೂ ಸುತ್ತಿದವು. ಟೇಪ್ ರೆಕಾರ್ಡರಿನಲ್ಲಿ ಬೇಡವಾದ ಹಾಡು ದಾಟಿಸಬೇಕೆಂದರೆ ಗುಂಡಿ ಒತ್ತಿ, ಅಂದಾಜಿನಲ್ಲಿ ನಿಲ್ಲಿಸಿ, ಮುಂದೆ ಹೋಯಿತೆಂದು ಹಿಂದೆ ತಿರುಗಿಸಬೇಕು. ಅದರ ಬದಲು ಕೇಳುವುದೇ ಸಲೀಸು. ಹೀಗೆ ಕೇಳಿ ಕೇಳಿಯೇ ಬಿ ಸೈಡಿನ ಮೂರನೆಯ ಹಾಡು ತಿಂಗಳಾದ ಮೇಲೆ ಇಷ್ಟವಾಗುತ್ತಿತ್ತು. ಸಿ. ಅಶ್ವತ್ಥರ ಮೈಸೂರ ಮಲ್ಲಿಗೆ, ಶಿಶುನಾಳ ಶರೀಫರ ಪದಗಳು ಮನೆಮನೆ ಸೇರಿದ್ದು ಈ ಇಡಿಗಂಟಿನ ಬಲದಿಂದ. ಶರೀಫರ ಎರಡು ಪದ ಮಾತ್ರ ಗೊತ್ತಿದ್ದ ಹಳೇ ಮೈಸೂರು ಸೀಮೆಯವರಿಗೆ ಹತ್ತು ಪದ ಗೊತ್ತಾದವು. ಒಂದು ಎಳನೀರು ಕುಡಿಯಲು ಬಂದವನು ಗೊನೆಯನ್ನೇ ಹೊತ್ತು ಹೋದ ಹಾಗೆ ಆಯಿತು, ಮತ್ತು ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಲಹರಿ, ಸಂಗೀತಾ ಮೊದಲಾದ ಬೆಂಗಳೂರಿನ ಕಂಪನಿಗಳು ಬೆಳೆದದ್ದು ಈ ಕಾಲದಲ್ಲಿ. ‘ಪ್ರೇಮಲೋಕ’ದ ಹಕ್ಕು ಲಹರಿಯ ಪಾಲಾಗಿ, ಆ ಕ್ಯಾಸೆಟ್ಟಿನ ಮಾರಾಟ ಕಂಪನಿಯ ಹಣೆಬರಹ ಬದಲಿಸಿತು. ಆ ಚಿತ್ರದ ಕಥೆಯೇ ಹಾಡಿನಲ್ಲಿ ನಡೆಯುವುದರಿಂದ ಒಂದು ಹಾಡನ್ನು ಬಿಡಿಸಿ ಕೊಳ್ಳುವ ಮಾತೇ ಇರಲಿಲ್ಲ. ಅಲ್ಲಿಂದ ಚಿತ್ರ ಬಿಡುಗಡೆಗೆ ಮುಂಚೆ ಕ್ಯಾಸೆಟ್ ಬಿಡುವುದು, ಅದು ಓಡಿದರೆ ಥಿಯೇಟರಿನವರು ಮುಂದೆ ಬರುವುದು ರೂಢಿಯಾಯಿತು.

ಅರಸೀಕೆರೆಯಂಥ ಊರಿನ ಕ್ಯಾಸೆಟ್ ಅಂಗಡಿಗೆ ಎರಡು ವ್ಯಾಪಾರ. ಗಾಜಿನ ಬೀರುವಿನಲ್ಲಿ ಕಂಪನಿ ಕ್ಯಾಸೆಟ್ಟು; ಒಳಗೆ ಎರಡು ಡೆಕ್ಕು ಜೋಡಿಸಿದ ಯಂತ್ರ. ಗಿರಾಕಿ ಒಂದು ಚೀಟಿಯಲ್ಲಿ ತನಗೆ ಬೇಕಾದ ಹದಿನೈದು ಹಾಡು ಬರೆದು ಕೊಟ್ಟರೆ ಅರವತ್ತು ಅಥವಾ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಕಾನೂನಿನ ಕಣ್ಣಿಗೆ ಅದು ಕಳವು. ಆದರೆ ಆ ಚೀಟಿಗಳು! ಬೆಂಗಳೂರಿನ ಯಾವ ಕಂಪನಿಗೂ ಸಿಗದ ಮಾಹಿತಿ ಅಲ್ಲಿತ್ತು: ಯಾವ ಚಿತ್ರದ ಯಾವ ಒಂದು ಹಾಡು ಜನಕ್ಕೆ ಬೇಕು, ಯಾವುದರ ಪಕ್ಕ ಯಾವುದನ್ನು ಕೇಳುತ್ತಾರೆ, ಸಿನಿಮಾ ಹಾಡಿನ ನಡುವೆ ಯಾವ ದೇವರ ಪದ ಸೇರಿಸುತ್ತಾರೆ. ಸಂಜೆ ಕಸದ ಜೊತೆ ಹೊರಗೆ ಹೋದ ಆ ಕಾಗದಗಳನ್ನು ಯಾರಾದರೂ ಕೂಡಿಸಿಟ್ಟಿದ್ದರೆ ನಮಗೂ ಒಂದು ನಿಜವಾದ ಪಟ್ಟಿ ಇರುತ್ತಿತ್ತು.

ಜಾತ್ರೆಯ ವ್ಯಾಪಾರವಂತೂ ಬೇರೆಯೇ ಲೋಕ. ಆಷಾಢದಲ್ಲಿ ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿ ತೇರು, ಚೈತ್ರದಲ್ಲಿ ಬೇಲೂರು ಚೆನ್ನಕೇಶವನ ತೇರು, ಹುಣ್ಣಿಮೆ ಬಂತೆಂದರೆ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟ. ಬಳೆ, ಬತ್ತಾಸು, ಪುರಿ ಮಾರುವವರ ಸಾಲಿನಲ್ಲಿ ಕ್ಯಾಸೆಟ್ಟಿನವನದ್ದೂ ಒಂದು ಮಂಚ. ಅಲ್ಲಿ ಸಿನಿಮಾ ಹಾಡಿಗಿಂತ ಭಕ್ತಿಗೀತೆ, ತತ್ವಪದ, ಸೋಬಾನೆ, ಹರಿಕಥೆ, ನಾಟಕದ ಕ್ಯಾಸೆಟ್ಟುಗಳಿಗೆ ಗಿರಾಕಿ. ಊರಿಗೆ ಮರಳಿದ ಮೇಲೆ ಅದೇ ಕ್ಯಾಸೆಟ್ಟು ಗುಡಿಯ ಮೈಕಿನಲ್ಲಿ ವರ್ಷವಿಡೀ ಬೆಳಗಿನ ಜಾವ ಹಾಡುತ್ತಿತ್ತು. ಮಾರಾಟ ಒಂದು, ಕೇಳಿದ್ದು ಮುನ್ನೂರು ಬೆಳಗು. ಯಾವ ಪಟ್ಟಿ ಇದನ್ನು ಹಿಡಿದೀತು?

ಇದೇ ಸಂಕಟ ಅಮೆರಿಕದ ಕಂಟ್ರಿ ಹಾಡಿಗೂ ಇತ್ತು ಎಂಬುದು 1991ರಲ್ಲಿ ಬಯಲಾಯಿತು. ಅದುವರೆಗೆ ಆಲ್ಬಂ ಪಟ್ಟಿ ಮಾಡಲು ಅಂಗಡಿಯವರಿಗೆ ಫೋನು ಹಚ್ಚಿ ‘ಏನು ಚೆನ್ನಾಗಿ ಹೋಗುತ್ತಿದೆ’ ಎಂದು ಕೇಳುತ್ತಿದ್ದರು. ಆ ವರ್ಷ ಮೇ ತಿಂಗಳಿಂದ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಗಲ್ಲಾದ ಬಾರ್‌ಕೋಡಿನಿಂದಲೇ ನೇರವಾಗಿ ಎಣಿಸತೊಡಗಿತು. ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್ ಎಂಬ ಕಂಟ್ರಿ ಗಾಯಕನ ಆಲ್ಬಂ ಬಂದ ವಾರವೇ ಎಲ್ಲ ಬಗೆಯ ಸಂಗೀತವನ್ನೂ ಹಿಂದಿಕ್ಕಿ ಮೊದಲ ಸ್ಥಾನದಲ್ಲಿ ಕೂತಿತು. ಕಂಟ್ರಿ ಆಲ್ಬಮ್ಮಿಗೆ ಹಾಗಾದದ್ದು ಅದೇ ಮೊದಲು. ಸಣ್ಣ ಊರಿನವರು ಹಿಂದಿನಿಂದಲೂ ಕೊಳ್ಳುತ್ತಲೇ ಇದ್ದರು. ಈಗ ಅವರ ಗಲ್ಲಾ ಲೆಕ್ಕಕ್ಕೆ ಬಂತು, ಅಷ್ಟೇ. ನಮ್ಮಲ್ಲಿ ಅಂಥ ಯಂತ್ರ ಅರಸೀಕೆರೆಯ ಬೀರುವಿನ ತನಕ, ಜಾತ್ರೆಯ ಮಂಚದ ತನಕ ಬಂದಿದ್ದರೆ ಹಾಡುಗಾರರ ಬದುಕು ಎಷ್ಟು ಬದಲಾಗುತ್ತಿತ್ತೋ ಎಂದು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ. ಕ್ಯಾಸೆಟ್ಟಿಗೆ ಹಾಡಿದ ಮೇಳದವರು ಒಂದೇ ಸಲ ಕೈಗೆ ಬಂದ ಹಣಕ್ಕೆ ರುಜು ಹಾಕಿ ಹೋಗುತ್ತಿದ್ದರು. ಎಷ್ಟು ಮಾರಿತು ಎಂದು ಕೇಳಲು ಅವರ ಬಳಿ ಆಧಾರವೇ ಇರಲಿಲ್ಲ.

ಸಿನಿಮಾದೊಳಗೆ ಹೊಕ್ಕ ಜಾನಪದಕ್ಕೆ ಮಾತ್ರ ಒಂದಿಷ್ಟು ಲೆಕ್ಕ ಸಿಕ್ಕಿತು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದರು. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಸಂಗೀತದ ಕೋಲುಮಂಡೆ ಜಂಗಮನ ಹಾಡು ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯಪ್ರಶಸ್ತಿ ತಂದಿತು. 2005ರಲ್ಲಿ ‘ಜೋಗಿ’ ಬಂದಾಗ ಕ್ಯಾಸೆಟ್ಟು ಮುಗಿಯುತ್ತ ಬಂದಿದ್ದರೂ ಅದರ ಹಾಡು ಕೇಳದ ಹಳ್ಳಿಯಿರಲಿಲ್ಲ. ಮಾರನೆಯ ವರ್ಷದ ಡಿಸೆಂಬರಿನಲ್ಲಿ ‘ಮುಂಗಾರು ಮಳೆ’ ಚಿತ್ರ ಬಂತು. ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿಯವರ ಹಾಡು, ಸೋನು ನಿಗಮರ ದನಿ ಸೇರಿದ ಅದರ ಗೀತೆಯೊಂದನ್ನು ಜನ ಕಾಲರ್ ಟ್ಯೂನ್ ಮಾಡಿಕೊಂಡರು. ಮೂವತ್ತು ಸೆಕೆಂಡಿನ ತುಣುಕಿಗೆ ತಿಂಗಳ ಬಾಡಿಗೆ! ಆಲ್ಬಂ ಬೇಡ, ಪೂರ್ತಿ ಹಾಡೂ ಬೇಡ, ಪಲ್ಲವಿ ಸಾಕು. ಇಡಿಗಂಟು ಬಿಚ್ಚಿಹೋಗಿದ್ದು ಅಲ್ಲಿಂದ.

2012 ಅಮೆರಿಕಕ್ಕೂ ನಮಗೂ ನಿರ್ಣಾಯಕ ವರ್ಷ. ಅಲ್ಲಿ ಅಕ್ಟೋಬರಿನಲ್ಲಿ ಬಿಲ್‌ಬೋರ್ಡ್ ತನ್ನ ಕಂಟ್ರಿ ಹಾಡುಗಳ ಮುಖ್ಯ ಪಟ್ಟಿಗೆ ರೇಡಿಯೊ ಪ್ರಸಾರದ ಜೊತೆ ಡೌನ್‌ಲೋಡ್ ಮಾರಾಟವನ್ನೂ ಸ್ಟ್ರೀಮಿಂಗನ್ನೂ ಸೇರಿಸಿತು. ಟೇಲರ್ ಸ್ವಿಫ್ಟ್‌ಳ ಹಾಡೊಂದು ಒಂದೇ ವಾರದಲ್ಲಿ 21ನೇ ಸ್ಥಾನದಿಂದ ಮೊದಲನೆಯದಕ್ಕೆ ಹಾರಿತು. ಹಾಡು ಅದೇ, ಕೇಳುವವರು ಅವರೇ. ಎಣಿಕೆಯ ಜಾಗ ಬೇರೆ. ಕಂಟ್ರಿ ರೇಡಿಯೊ ಕೇಳದ ಪಾಪ್ ಅಭಿಮಾನಿಯ ಡೌನ್‌ಲೋಡೂ ಈಗ ಕಂಟ್ರಿ ಪಟ್ಟಿಯಲ್ಲಿ ಮತವಾಗಿತ್ತು. ಹಳಬರು ಸಿಟ್ಟಾದರು. ಮರುವರ್ಷ ಫ್ಲಾರಿಡಾ ಜಾರ್ಜಿಯಾ ಲೈನ್ ಜೋಡಿಯ ಹಾಡು, ಒಬ್ಬ ರ‍್ಯಾಪ್ ಗಾಯಕನೊಂದಿಗೆ ಮಾಡಿದ ಮರುರೂಪದ ಬಲವೂ ಸೇರಿ, 24 ವಾರ ಆ ಪಟ್ಟಿಯ ತಲೆಯ ಮೇಲೆ ಕೂತಿತು.

ಈ ಎಣಿಕೆಯಲ್ಲಿ ಆಲ್ಬಮ್ಮಿಗೂ ಬಿಡಿ ಹಾಡಿಗೂ ಒಂದು ವಿಚಿತ್ರ ಸಂಬಂಧವಿದೆ. ಡಿಜಿಟಲ್ ಅಂಗಡಿಯಲ್ಲಿ ಇಡೀ ಆಲ್ಬಂ ಕೊಂಡರೆ ಅದು ಆಲ್ಬಂ ಪಟ್ಟಿಗೆ ಹೋಗುತ್ತದೆ. ಒಳಗಿರುವ ಹಾಡಿನ ಮಾರಾಟವೆಂದು ಎಣಿಸುವುದಿಲ್ಲ. ಆದ್ದರಿಂದ ಆಲ್ಬಂ ಬರುವ ಮುಂಚೆ ಬಿಡಿ ಹಾಡು ಏರುತ್ತದೆ, ಬಂದ ಮೇಲೆ ಅಭಿಮಾನಿಗಳು ಗಂಟನ್ನೇ ಕೊಳ್ಳುವುದರಿಂದ ಬಿಡಿ ಮಾರಾಟ ತಗ್ಗಬಹುದು. ಇನ್ನೊಂದು ಕಡೆ ಆಲ್ಬಂ ಬಂದ ಸದ್ದಿಗೆ ಅದುವರೆಗೆ ಯಾರೂ ಕೇಳದ ಹಾಡುಗಳೂ ಒಂದೆರಡು ವಾರ ಪಟ್ಟಿಗೆ ನುಗ್ಗುತ್ತವೆ. 2012ರ ಅದೇ ಅಕ್ಟೋಬರಿನಲ್ಲಿ ಸ್ವಿಫ್ಟ್‌ಳ ‘ರೆಡ್’ ಆಲ್ಬಂ ಮೊದಲ ವಾರದಲ್ಲೇ 12 ಲಕ್ಷ ಪ್ರತಿ ದಾಟಿತು. 2014ರ ಕೊನೆಗೆ ಬಿಲ್‌ಬೋರ್ಡ್ ಹತ್ತು ಬಿಡಿ ಡೌನ್‌ಲೋಡನ್ನೋ 1500 ಸ್ಟ್ರೀಮನ್ನೋ ಒಂದು ಆಲ್ಬಮ್ಮಿಗೆ ಸಮ ಎಂದು ಹಿಡಿಯಿತು. ಒಂದೇ ಹಾಡನ್ನು ಸಾವಿರಾರು ಸಲ ಕೇಳಿದರೂ ಪುಸ್ತಕದಲ್ಲಿ ಅದು ಆಲ್ಬಂ. ಹತ್ತನೆಯ ಹಾಡನ್ನು ಯಾರೂ ತೆರೆದಿರಬೇಕಾಗಿಲ್ಲ.

ನಮ್ಮಲ್ಲಿ 2012ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ಹಾಡಿನಂಗಡಿ ತೆರೆಯಿತು. ಬಿಡಿ ಹಾಡು, ಇಡೀ ಆಲ್ಬಂ ಎರಡನ್ನೂ ಕೊಂಡು ಇಳಿಸಿಕೊಳ್ಳಬಹುದಿತ್ತು. ಕಾನೂನಿನ ಪ್ರಕಾರ ಹಾಡು ಮಾರಿ, ಮಾರಿದ್ದಕ್ಕೆಲ್ಲ ಲೆಕ್ಕವಿಡುವ ಈ ಪ್ರಯತ್ನ 2013ರ ಜೂನ್‌ನಲ್ಲೇ ಮುಚ್ಚಿತು. ಅದೇ ವೇಳೆ ಅರಸೀಕೆರೆ, ಹಳೇಬೀಡುಗಳ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡು ತುಂಬ ಹಾಡು ಹಾಕಿಕೊಡುತ್ತಿದ್ದರು. ‘ಚಿಪ್ಪಿಗೆ ಹಳೇ ಹಾಡು ಹಾಕಿ, ಜನಪದ ಹಾಕಿ’ ಎಂದರೆ ಮುಗಿಯಿತು, ಫೋಲ್ಡರೇ ಸಿದ್ಧ. ಕ್ಯಾಸೆಟ್ ಕಾಲದ ಚೀಟಿಯೂ ಇಲ್ಲವಾಗಿ, ಗಿರಾಕಿ ಆರಿಸುವುದೇ ತಪ್ಪಿತು. ಫೋಲ್ಡರಿನಲ್ಲಿ ಹಾಡುಗಾರನ ಹೆಸರಿಲ್ಲ, ಊರಿಲ್ಲ. ‘ಟ್ರ್ಯಾಕ್ 07’ ಎಂದಷ್ಟೇ. 2012ರಲ್ಲೇ ಸಂಸತ್ತು ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಬಿಟ್ಟುಕೊಡಲಾಗದ ಪಾಲು ಕೊಟ್ಟಿತು. ದೊಡ್ಡ ಹೆಜ್ಜೆ. ಆದರೆ ಬರೆದವರು ಯಾರೆಂದೇ ಗೊತ್ತಿಲ್ಲದ ಜನಪದ ಹಾಡಿಗೆ ಆ ಪಾಲು ಪಡೆಯುವವರಾರು?

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಎಣಿಕೆ ಹಳ್ಳಿಯ ಕಿಸೆಗೇ ಬಂತು. 2018ರ ‘ರ‍್ಯಾಂಬೊ 2’ ಚಿತ್ರದ ‘ಚುಟು ಚುಟು’, ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ಹಾಡಿದ ಉತ್ತರ ಕರ್ನಾಟಕದ ಮಟ್ಟು, ಯೂಟ್ಯೂಬಿನಲ್ಲಿ ಹತ್ತು ಕೋಟಿ ನೋಟ ದಾಟಿತು. ಹಳ್ಳಿಯ ಹಾಡು ಎಣಿಕೆಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಗಾರ್ತ್ ಬ್ರೂಕ್ಸ್‌ಗೆ ಬಾರ್‌ಕೋಡು ಮಾಡಿದ ಉಪಕಾರವನ್ನು ನಮ್ಮವರಿಗೆ ಮೊಬೈಲು ಮಾಡಿತು ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೆ ಅದು ಬಂದದ್ದು ಗಂಟು ಬಿಚ್ಚಿದ ಮೇಲೆ. ‘ಸೋಜುಗಾದ ಸೂಜುಮಲ್ಲಿಗೆ’ಯನ್ನೇ ನೋಡಿ. ಮಲೆ ಮಾದೇಶ್ವರನ ಒಕ್ಕಲಿನವರು ಹಾಡಿಕೊಂಡು ಬಂದ ಪದ. ಅನನ್ಯಾ ಭಟ್ ಹಾಡಿದ ಮೇಲೆ ಕನ್ನಡ ಬಾರದವರೂ ಕೇಳಿದರು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮತ್ತೆ ಬಂತು. ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರು ರಾತ್ರಿಗಟ್ಟಲೆ ಹಾಡುತ್ತಾರೆ. ಸಂಕಮ್ಮನ ಸಾಲು, ಶ್ರವಣನ ಸಾಲು ಎಂದು ಭಾಗ ಭಾಗವಾಗಿ ಸಾಗುವ ಆ ಕಾವ್ಯದ ಕಡೆಗೆ ಈ ಒಂದು ಹಾಡು ಕೇಳಿದವರಲ್ಲಿ ಎಷ್ಟು ಮಂದಿ ತಿರುಗಿದರು? ಕ್ಯಾಸೆಟ್ಟಾಗಿದ್ದರೆ ಮುಂದಿನ ಪದ ತಾನಾಗಿ ಶುರುವಾಗುತ್ತಿತ್ತು. ಆ್ಯಪು ಅದರ ಜಾಗದಲ್ಲಿ ಇನ್ನೊಂದು ಚಿತ್ರದ ಹಿಟ್ ಹಾಡು ತಂದು ಕೂರಿಸುತ್ತದೆ, ಏಕೆಂದರೆ ಅದಕ್ಕೆ ಈಗಾಗಲೇ ಹೆಚ್ಚು ಮತವಿದೆ.

ಬೇಲೂರಿನದೇ ಒಂದು ಆಲ್ಬಂ ಇದೆ ಎಂದು ನಾನು ಭಾವಿಸುತ್ತೇನೆ, ಅದು ಕಾಗದದ ಮೇಲಿದ್ದರೂ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಮದನಿಕೆಯರನ್ನು ನೋಡಿ ಡಿ.ವಿ.ಜಿ. ಬರೆದ ‘ಅಂತಃಪುರ ಗೀತೆ’, 1950ರಲ್ಲಿ ಪುಸ್ತಕವಾದದ್ದು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಬೇಟೆಗೆ ಹೊರಟವಳು, ಹೀಗೆ ಒಬ್ಬೊಬ್ಬಳಿಗೂ ಒಂದು ಹಾಡು. ಹಾಡಿಗೆ ತಕ್ಕ ರಾಗವನ್ನೂ ಅವರು ಸೂಚಿಸಿದ್ದಾರೆ. ಭರತನಾಟ್ಯದವರ ಕೈಯಲ್ಲಿ ಅವು ಬಾಳಿವೆ. ಆದರೆ ಒಂದೆರಡು ಗೀತೆಗಳೇ ಮತ್ತೆ ಮತ್ತೆ ಬರುತ್ತವೆ, ಅವುಗಳಿಗೇ ನೋಟ, ಅವುಗಳಿಗೇ ಹೊಸ ಧ್ವನಿಮುದ್ರಣ. ಗುಡಿಯ ಸುತ್ತ ಒಂದು ಪ್ರದಕ್ಷಿಣೆ ಬರುವಷ್ಟು ಹೊತ್ತಿನಲ್ಲಿ ಕ್ರಮವಾಗಿ ಎಲ್ಲ ಮದನಿಕೆಯರ ಹಾಡನ್ನೂ ಕೇಳಿಸುವ ಒಂದು ಪೂರ್ಣ ಆಲ್ಬಂ ಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಬರುವ ಪ್ರವಾಸಿಯ ಕೈಯಲ್ಲಿ ಹೇಗೂ ಫೋನಿರುತ್ತದೆ. ಜಾವಗಲ್ ದಾರಿಯ ಹಳ್ಳಿಗಳಲ್ಲಿ ಸೋಬಾನೆ ಹೇಳುವ ಹೆಂಗಸರ ಪದಗಳನ್ನೂ ಹೀಗೇ ಇಡಿಯಾಗಿ ಮುದ್ರಿಸಿ, ಒಂದೊಂದು ಪದಕ್ಕೂ ಹಾಡಿದವರ ಹೆಸರು, ಊರಿನ ಹೆಸರು ಸೇರಿಸಿ ಹಾಕಬೇಕು. ಆ ಎರಡು ಖಾನೆಗಳನ್ನು ಖಾಲಿ ಬಿಟ್ಟರೆ ಮುಂದೆ ಎಷ್ಟೇ ಕೋಟಿ ನೋಟ ಬಂದರೂ ಅದರ ಪಾಲು ಯಾರ ಖಾತೆಗೆ ಹೋಗಬೇಕೆಂದು ಯಂತ್ರಕ್ಕೆ ತಿಳಿಯುವುದಿಲ್ಲ.